ನಲವತ್ತೊಂದನೆಯ ಡಬ್ಬಿ

ಡಬ್ಬಿಯ ಮೇಲೆ ಹೆಸರಿಲ್ಲ, ಬರೀ ನಂಬರು:
ನಲವತ್ತೊಂದು.
ಐತಪ್ಪ ಅಂತ ಬರೆಯಬಾರದಂತೆ.
ಬೆಳಿಗ್ಗೆ ಎರಡು, ರಾತ್ರಿ ಎರಡು, ಗಂಜಿ ಕುಡಿದ ಮೇಲೆ.

ಫೆಬ್ರವರಿಯಲ್ಲಿ ಬಿದ್ದದ್ದು. ನೆಲ್ಯಹುದಿಕೇರಿಯ ಆಚೆಗಿನ ತೋಟ,
ಸಿಲ್ವರ್ ಮರ, ಒಂಟಿ ಬಿದಿರಿನ ಏಣಿ,
ಸೊಂಟದ ಚೀಲದಲ್ಲಿ ಆಗಲೇ ಮೂರು ಕೆಜಿ ಮೆಣಸು.
ಬಿದ್ದ ಸದ್ದು ನಾನು ಕೇಳಲಿಲ್ಲ.
ಕೇಳಿದ್ದು, ಓಡಿ ಬಂದ ಮೇಲೆ, ಅವನ ಮಾತು:
"ನನ್ನ ಕಾಲು ಮೇಲೇ ಉಳಿಯಿತಾ, ನೋಡೇ."

ಮಡಿಕೇರಿಯಲ್ಲಿ ಡಾಕ್ಟರ್ ನಾಚಪ್ಪ
ಚೀಟಿಯ ಹಿಂಬದಿಗೆ ಗೆರೆ ಎಳೆದು ತೋರಿಸಿದರು:
ಕೈಯ ನರ ತುಂಡಾದರೆ
ದಿನಕ್ಕೊಂದು ಸಾಸಿವೆಯಷ್ಟಾದರೂ ಬೆಳೆದೀತು.
ಬೆನ್ನುಹುರಿಯೊಳಗೆ ಹಾಗಲ್ಲ.
ಗಾಯದ ತನಕ ಬಂದ ನರ
ಸೋಲಾರ್ ಬೇಲಿಗೆ ಬಂದ ಆನೆಯ ಹಾಗೆ
ನಿಲ್ಲುತ್ತದೆ, ಸೊಂಡಿಲು ಚಾಚುತ್ತದೆ,
ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.
ಈ ಮಾತ್ರೆ ಬೇಲಿಯ ಕರೆಂಟು ಇಳಿಸೀತು.

"ಇಳಿಸೀತು" ಅಂದರು. "ಇಳಿಸುತ್ತದೆ" ಅನ್ನಲಿಲ್ಲ.
ಆ ಒಂದು ಈಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡು
ನಾನು ಬಸ್ಸು ಹತ್ತಿದೆ.

ಸಹಿಗೆ ಮೊದಲು ಇನ್ನೊಂದು ಮಾತೂ ಹೇಳಿದ್ದರು:
ಅರ್ಧ ಜನರ ಡಬ್ಬಿಯಲ್ಲಿ ಔಷಧಿ,
ಇನ್ನರ್ಧ ಜನರದ್ದರಲ್ಲಿ ಬರೀ ಹಿಟ್ಟು.
ಯಾರಿಗೆ ಯಾವುದು, ನಮಗೆ ಗೊತ್ತಿಲ್ಲ, ಅವರಿಗೂ ಇಲ್ಲ,
ಕೈಯಾರೆ ಕೊಡುವ ಸಿಸ್ಟರ್ ಬೊಳ್ಳವ್ವನಿಗೂ ಇಲ್ಲ.
ಎಲ್ಲೋ ಒಂದು ಕಂಪ್ಯೂಟರಿಗೆ ಗೊತ್ತು,
ಅದಕ್ಕೆ ಬಾಯಿಲ್ಲ.
"ಅರ್ಧ ಅಂದರೆ ಜಾಸ್ತಿಯಾಯಿತು" ಅಂದ ಐತಪ್ಪ,
ಹದಿನೈದನೇ ವಯಸ್ಸಿಂದ ಮರ ಹತ್ತಿದವನು,
ಸಹಿ ಹಾಕಿದ.

ಮೂರನೇ ವಾರ, ಅವನು ನಿದ್ದೆ ಹೋದ ಮೇಲೆ
ಒಂದು ಕ್ಯಾಪ್ಸೂಲು ಬಿಚ್ಚಿ ಪುಡಿ ನೆಕ್ಕಿದೆ.
ಕಹಿ.
ಒಲೆಯ ಮುಂದೆ ಒಬ್ಬಳೇ ನಿಂತು ನಕ್ಕೆ.
ಕಹಿಗೆ ಅಷ್ಟು ಹಿಗ್ಗಿದ್ದು ಅದೇ ಮೊದಲು.

ಸಿದ್ದಾಪುರದ ಜೀಪಿನ ಮೊಯ್ದು, ಮೂವತ್ತೆಂಟನೇ ಡಬ್ಬಿ;
ಅವನ ಸಫಿಯಾಳಿಗೆ ಫೋನು ಮಾಡಿದೆ.
ಸ್ವಲ್ಪ ಹೊತ್ತು ಮಾತಿಲ್ಲ.
"ನಾನೂ ನೆಕ್ಕಿ ನೋಡಿದ್ದೆ" ಅಂದಳು, "ಕಹಿಯೇ."
ಇಬ್ಬರಿಗೂ ಔಷಧಿಯೇ ಸಿಕ್ಕಿರಬಹುದು.
ಇಲ್ಲವೇ ಹಿಟ್ಟಿಗೂ ಕಹಿ ಬೆರೆಸಿರಬಹುದು
ನಮ್ಮಂಥ ಹೆಂಡಂದಿರನ್ನು ಚೆನ್ನಾಗಿ ಬಲ್ಲ ಯಾರೋ.

ತಿಂಗಳ ಕೊನೆಗೆ ಸಿಸ್ಟರ್ ಎಣಿಸಿದರು. ಒಂದು ಕಮ್ಮಿ.
"ಕೈಜಾರಿ ಬಿತ್ತು" ಅಂದೆ.
"ಒಂದು ಬಿತ್ತು" ಅಂತ ಬರೆದುಕೊಂಡರು.
ಬಿದ್ದದ್ದಕ್ಕೆಲ್ಲ ಅವರ ಪುಸ್ತಕದಲ್ಲಿ ಜಾಗವಿದೆ.

ಮಳೆಗೆ ಮೊದಲು ತೋಟದವರು ಏಣಿ ತಂದು ಅಂಗಳಕ್ಕೆ ಹಾಕಿ ಹೋದರು,
ಅದು ನಮ್ಮದೇ ಅಲ್ಲವೇ, ಅಂತ.
ಸುಡೋಣ ಅಂದ ಮೈದುನ. ನಾನು ಗರಗಸ ಕೊಟ್ಟೆ.
ಎರಡು ತುಂಡು, ನಾಲ್ಕು ಗೂಟ, ಸೊಂಟದೆತ್ತರ.
ಈಗ ಐತಪ್ಪ ಬೆಳಿಗ್ಗೆ ಅದರ ನಡುವೆ ಜೋತು ನಿಲ್ಲುತ್ತಾನೆ,
ಬೆಲ್ಟು ಬಿಗಿದ ಮೊಣಕಾಲು, ಬೈಗುಳ ತುಂಬಿದ ಬಾಯಿ.
ಏಣಿಯ ಗಂಟುಗಳು ಅವನ ಅಂಗೈಗೆ ಮೊದಲೇ ಪರಿಚಯ.

ಅಕ್ಟೋಬರಿನಲ್ಲಿ ಒಂದು ದಿನ
ಎಡಗಾಲಿನ ಹೆಬ್ಬೆರಳು
ಇರುವೆ ಹತ್ತಿದ ಹಾಗೆ ಒಮ್ಮೆ ಮಿಸುಕಿತು.
"ಇನ್ನೊಮ್ಮೆ" ಅಂದೆ.
ಬೆವರಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಮಿಸುಕಿಸಿದ.

ಡಾಕ್ಟರು ತುಂಬಾ ಹೊತ್ತು ಬೆರಳನ್ನೇ ನೋಡಿದರು.
ಔಷಧಿ ಇರಬಹುದು. ಬಾವು ಇಳಿದದ್ದಿರಬಹುದು.
ನರ ತಾನಾಗಿಯೇ ದಾರಿ ಕಂಡದ್ದಿರಬಹುದು.
ಎಲ್ಲ ಡಬ್ಬಿ ಮುಗಿಯುವವರೆಗೆ, ಎರಡು ವರ್ಷ, ಯಾರೂ ಹೇಳುವಂತಿಲ್ಲ.

ಒಂಬತ್ತು ದಿನ ನಾನು ಸಫಿಯಾಳಿಗೆ ಫೋನು ಮಾಡಲಿಲ್ಲ.
ಹತ್ತನೇ ದಿನ ಅವಳೇ ಮಾಡಿದಳು.
ಮೊಯ್ದುವಿನ ಕಾಲು ಹಾಗೇ ಇದೆ,
ರಾತ್ರಿ ಉರಿ ಮಾತ್ರ ಬರುತ್ತದೆ, ಅಂದಳು.
ನಮ್ಮದನ್ನು ಕೇಳಲಿಲ್ಲ.
"ಮಾತ್ರೆ ಇನ್ನೂ ಕಹಿಯೇ ಇದೆಯಾ?"

ಅಂಗಳದಲ್ಲಿ ಬಿದಿರು ಕಿರುಗುಟ್ಟಿತು. ಬಾಗಿಲು ಮುಂದೆ ಮಾಡಿದೆ,
ಆ ಕಡೆ ಕೇಳಿಸದಿರಲಿ ಎಂದು.
"ಕಹಿಯೇ" ಅಂದೆ.